ವಿಮಲಕ್ಕನ ವರ್ಷದ ಪಟ್ಟಿ

ವಿಮಲಕ್ಕ ಕೂತು ಸಂಗೀತ ಕೇಳಿದ್ದನ್ನು ನಾನು ನೋಡಿಲ್ಲ. ತಾರ್ನಾಕದಲ್ಲಿ ನಮ್ಮ ಎದುರು ಮನೆಯ ತಾರಸಿಯ ಮೇಲೆ, ಸೆರಗು ಸೊಂಟಕ್ಕೆ ಸಿಗಿಸಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ನೀರಿನ ಟ್ಯಾಂಕಿನಿಂದ ಮೆಟ್ಟಿಲವರೆಗೆ ಹೋಗಿ ಬರುತ್ತಿದ್ದರು. ವಾದ್ಯ ಬಿರುಸಾದರೆ ಹೆಜ್ಜೆಯೂ ಬಿರುಸು.

ವಿಜಯಪುರ ಕಡೆಯವರು. ಬಾಲಾನಗರದ ಸಣ್ಣ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳ ಅಳತೆ ನೋಡುವ ಕೆಲಸ. ಅವರಿಗಿದ್ದ ಹುಚ್ಚು ಜಾಮ್ ಬ್ಯಾಂಡುಗಳದು. ಹಾಡು ಮುಗಿದರೂ ನಿಲ್ಲಿಸದೆ, ಒಬ್ಬರನ್ನೊಬ್ಬರು ಆಲಿಸುತ್ತ, ಮೊದಲೇ ಗೊತ್ತುಮಾಡಿಕೊಳ್ಳದ ದಾರಿಯಲ್ಲಿ ಅರ್ಧ ಗಂಟೆ ನುಡಿಸುತ್ತಲೇ ಹೋಗುವ ತಂಡಗಳು ಅವು. ಈ ರುಚಿ ಹೇಗೆ ಹತ್ತಿತು ಎಂದು ಕೇಳಿದರೆ ಬಸ್ಸಿನ ಪ್ರಯಾಣವನ್ನೇ ಕಾರಣ ಮಾಡುತ್ತಿದ್ದರು. "ಮೂರು ನಿಮಿಷದ ಹಾಡು ಒಂದು ಸಿಗ್ನಲ್‌ನಾಗ ಮುಗದು ಹೋಗ್ತೈತಿ. ನನಗ ಬಾಲಾನಗರ ಮುಟ್ಟೂ ತನಕಾ ಬೇಕು." ಒಮ್ಮೆ ಗಿಟಾರು ಇನ್ನೂ ನಡೆಯುತ್ತಿದೆಯೆಂದು ತಮ್ಮ ನಿಲ್ದಾಣ ಬಿಟ್ಟು ಮುಂದೆ ಹೋಗಿ, ಆಟೋದಲ್ಲಿ ತಿರುಗಿ ಬಂದು, ಮೇಲ್ವಿಚಾರಕರಿಗೆ "ಇಳಿಯೂ ಹಂಗ ಇರಲಿಲ್ರಿ" ಎಂದಷ್ಟೇ ಹೇಳಿದ್ದರಂತೆ.

ಪ್ರತಿ ಡಿಸೆಂಬರಿನಲ್ಲಿ ಆ ವರ್ಷ ಮೆಚ್ಚಿದ ಐದು ಆಲ್ಬಮ್‌ಗಳ ಪಟ್ಟಿ ನಮ್ಮಂಥ ಇಪ್ಪತ್ತು ಮಂದಿಯ ವಾಟ್ಸಾಪಿಗೆ ಬರುತ್ತಿತ್ತು. ಪ್ರತಿಯೊಂದಕ್ಕೂ ಒಂದು ಸಾಲಿನ ತೀರ್ಪು. "ಡ್ರಮ್ಮಿನಂವ ಭಾಳ ಅವಸರದಾಂವ, ಆದರ ತಪ್ಪಿದ್ದು ಮುಚ್ಚಿಡಂಗಿಲ್ಲ." "ಇದರಾಗ ಎಲ್ಲಾರೂ ಶ್ಯಾಣ್ಯಾರು, ಅದಕ್ಕ ನಿದ್ದಿ ಬಂತು." ಹತ್ತು ನಿಮಿಷಕ್ಕೆ ತಿದ್ದುಪಡಿ: ಮೂರನೆಯದನ್ನು ಮೊದಲು ಮಾಡಿಕೊಳ್ಳಿ. ಮರುದಿನ ಮತ್ತೊಂದು. ವರ್ಷ ಮುಗಿಯುವವರೆಗೆ ಅವರಿಗೂ ನೆಮ್ಮದಿಯಿಲ್ಲ, ನಮಗೂ ಇಲ್ಲ.

ನಾನು ಕೊಂಡಾಪುರದ ಗೆಳೆಯರೊಂದಿಗೆ ನಾಲ್ವರ ತಂಡ ಕಟ್ಟಿದ್ದೆ. ನನ್ನದು ಬೇಸ್ ಗಿಟಾರು, ಇಮ್ರಾನನದು ಕೀಬೋರ್ಡು. ಒಂದು ವರ್ಷ ನಮ್ಮದೇ ಆಲ್ಬಮ್ ಹೊರತಂದೆವು. ಅದರ ದೊಡ್ಡ ತುಣುಕಿನ ನಡುವೆ ನಾಲ್ಕು ನಿಮಿಷ ಇಮ್ರಾನ್ ಒಂದು ಕಡೆ, ನಾವು ಇನ್ನೊಂದು ಕಡೆ ಹೋಗಿಬಿಟ್ಟಿದ್ದೆವು. ಇರಲಿ ಬಿಡು ಎಂದು ಇಮ್ರಾನ್ ಎಷ್ಟು ಹೇಳಿದರೂ ನಾನು ಅದನ್ನು ಕತ್ತರಿಸಿದೆ. ಅಲ್ಲಿಂದ ಅವನು ಅಭ್ಯಾಸಕ್ಕೆ ಬರುವುದನ್ನೇ ಬಿಟ್ಟ.

ಆ ಡಿಸೆಂಬರಿನ ಪಟ್ಟಿಯಲ್ಲಿ ನಮ್ಮ ಹೆಸರಿರಲಿಲ್ಲ. ಎರಡು ದಿನ ತಿದ್ದುಪಡಿಗಾಗಿ ಕಾದೆ. ಮೂರನೆಯ ದಿನ ತಾರಸಿ ಹತ್ತಿದೆ.

"ನಡುವ ಏನೋ ತಗದೀಯಲ್ಲ?" ಎಂದರು ವಿಮಲಕ್ಕ, ನಡೆಯುತ್ತಲೇ.

"ನಿಮಗ ಹೆಂಗ ಗೊತ್ತಾತ್ರಿ?"

"ಅಲ್ಲೀ ತನಕಾ ನಾಕೂ ಮಂದಿ ಅಂಜಿ ನುಡಸಾಕತ್ತಿದ್ರಿ. ಒಮ್ಮೆಲೇ ಅಂಜಿಕಿ ಹೋತು. ದಾರಿ ತಪ್ಪಿದ್ರಿ, ಮತ್ತ ಹೆಂಗ ಕೂಡಿದ್ರಿ ಅನ್ನೂದು ನನಗ ಕೇಳಸಲೇ ಇಲ್ಲ."

ಇಮ್ರಾನ್ ಹೇಳಿದ್ದೂ ಅದೇ. ಹಾಗಾಗಿಯೇ ನನಗೆ ಸಿಟ್ಟು ಬಂತು. "ನೀವು ಒಂದು ದಿನಾನೂ ವಾದ್ಯ ಮುಟ್ಟಿಲ್ಲರಿ" ಎಂದೆ.

"ಖರೇ. ಮುಟ್ಟಿಲ್ಲ," ಎಂದರು. ಬೇಸರವಿರಲಿಲ್ಲ ಆ ದನಿಯಲ್ಲಿ. ಅದೇ ನನ್ನನ್ನು ಇನ್ನಷ್ಟು ಚುಚ್ಚಿತು. ಆಮೇಲೆ ಎದುರಿಗೆ ಬಂದರೂ ತಲೆ ತಗ್ಗಿಸಿ ದಾಟುತ್ತಿದ್ದೆ.

ಎಂಟು ತಿಂಗಳ ಬಳಿಕ ಬಸ್ ನಿಲ್ದಾಣದಲ್ಲಿ ಅವರೇ ನನ್ನನ್ನು ತಡೆದರು. "ಆ ಕತ್ತರಿಸಿದ್ದು ಇಟ್ಟೀಯೇನು? ಕೇಳಬೇಕು ಅನಸಾಕತ್ತೈತಿ."

"ಇಲ್ರಿ ಅಕ್ಕಾ. ಅಳಿಸಿಬಿಟ್ಟೆ."

ಅವರು ಹೆಡ್‌ಫೋನ್ ತೆಗೆದು ಕೊರಳಿಗೆ ಇಳಿಸಿದರು. "ಕೀಬೋರ್ಡಿನ ಹುಡುಗ?"

"ಮಾತು ಬಿಟ್ಟಾನ."

"ಹಾಡು ಹೋದ್ರ ಹೋಗಲಿ. ಅವಗ ಫೋನ್ ಹಚ್ಚು. ಈಗ."

ಇಮ್ರಾನ್ ಎತ್ತಿಕೊಂಡ ಕೂಡಲೇ ಫೋನನ್ನು ವಿಮಲಕ್ಕನ ಕೈಗೆ ಕೊಟ್ಟೆ. ಅವರು ತಮ್ಮ ಹರಕುಮುರುಕು ಹಿಂದಿಯಲ್ಲಿ, ಆ ವರ್ಷದ ಯಾವುದೋ ಆಲ್ಬಮ್ಮಿನ ಕೀಬೋರ್ಡು ನೀರುನೀರಾಗಿದೆಯೆಂದು ಅವನೊಂದಿಗೆ ವಾದಕ್ಕೇ ಇಳಿದರು. ಎರಡು ಬಸ್ಸು ಬಿಟ್ಟರು. ಮೂರನೆಯದು ಬಂದಾಗ ಫೋನ್ ನನ್ನ ಕೈಗೆ ತುರುಕಿ, "ಇಟ್ಟುಬಿಡಬ್ಯಾಡ, ಅಂವ ಇನ್ನೂ ಇದ್ದಾನ" ಎಂದು ಹತ್ತಿ ಹೋದರು.

ಅದೇ ಕೊನೆ. ನವೆಂಬರಿನಲ್ಲಿ ಕಾರ್ಖಾನೆಯಲ್ಲೇ ಎದೆನೋವು ಬಂತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಅವರ ಮನೆಯ ಗೇಟಿನ ಬಳಿ ನಾನೂ ಇಮ್ರಾನನೂ ಪಕ್ಕಪಕ್ಕದಲ್ಲಿ ನಿಂತಿದ್ದೆವು.

ಡಿಸೆಂಬರ್ ಬಂತು. ಪಟ್ಟಿ ಬರುವುದಿಲ್ಲವೆಂದು ಗೊತ್ತಿದ್ದೂ ದಿನಕ್ಕೆ ಹತ್ತು ಸಲ ಫೋನ್ ತೆಗೆದು ನೋಡುತ್ತಿದ್ದೆ. ವರ್ಷದ ಕೊನೆಯ ಸಂಜೆ ಇಮ್ರಾನ್ ಫೋನ್ ಮಾಡಿದ. ಈ ವರ್ಷ ನಿನಗೆ ಹಿಡಿಸಿದ್ದು ಯಾವುದು ಎಂದು ಕೇಳಿದ. ಹೇಳಿದೆ. ಛೆ, ಅದಲ್ಲ ಎಂದ. ನಾನು ಎದ್ದು ನಿಂತು ವಾದ ಶುರುಮಾಡಿದೆ.