ಕಪಾಟಿನ ಯಂತ್ರಕ್ಕೆ ಮೊದಲ ನೈವೇದ್ಯ

ಇವತ್ತು ಕುಂಡಯಿಯ ನಮ್ಮ ಕಾರ್ಖಾನೆಗೆ ಬಂದ ಡಬ್ಬಿಯೊಂದನ್ನು ಬಿಚ್ಚಿದೆ. ಗಪ್ಪನೆ ಫಿನಾಯಿಲ್ ವಾಸನೆ. ಒಳಗಿದ್ದದ್ದು ನಾವೇ ಮಾಡಿದ ಅಂಗೈಯಗಲದ ಯಂತ್ರ. ಲಸಿಕೆಯ ಫ್ರಿಜ್ಜಿನಲ್ಲಿ ಕೂತು ತಾಪಮಾನ ಬರೆದಿಡುವಂಥದು. ನೀವಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದಿರಿ. ನಾನು ಇನ್ನೊಮ್ಮೆ ಮೂಸಿದೆ. ಅದು ಪರ್ವರಿಯ ಲಸಿಕೆ ಕೇಂದ್ರದ ಶಮೀಮ್ ಸಿಸ್ಟರ್ ಅವರ ಯಂತ್ರ.

ಇದರ ನೆನಪಿರುವುದು ಫ್ಲ್ಯಾಶ್ ಚಿಪ್‌ನಲ್ಲಿ. ಕರೆಂಟು ಹೋದರೂ ಅಳಿಯುವುದಿಲ್ಲ. ಅದನ್ನು ಓದಿ ಬರೆಯುವ ಸಾಫ್ಟ್‌ವೇರ್ ಕೋಡಿನಲ್ಲಿ, ಈ ಚಿಪ್ ಆದರೆ ಹೀಗೆ, ಆ ಚಿಪ್ ಆದರೆ ಹಾಗೆ ಎಂದು ಹಲವು ಆಯ್ಕೆಗಳಿದ್ದವು. ಕೆಲವು ಚಿಪ್‌ಗಳನ್ನು ಕೊಳ್ಳುವುದನ್ನು ನಿಲ್ಲಿಸಿ ಬಹಳ ಕಾಲವಾಗಿತ್ತು. ಒತ್ತಿದರೂ ಯಾವ ದೀಪವೂ ಹೊತ್ತದ, ಗೋಡೆಯಲ್ಲೇ ಉಳಿದ ಸ್ವಿಚ್ಚುಗಳ ಹಾಗೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಹಿರಿಯ ಸಹೋದ್ಯೋಗಿ, ಬೆಳಗಾವಿಯ ಸುನಂದಕ್ಕ, ಅವನ್ನು ಒಂದೊಂದಾಗಿ ಕಿತ್ತುಹಾಕುತ್ತಿದ್ದರು. ಅಳಿಸುವುದಕ್ಕೂ ಸಂಬಳ ಕೊಡುತ್ತಾರೆಂದು ನನಗೆ ಗೊತ್ತಾದದ್ದೇ ಆಗ.

ಸುನಂದಕ್ಕನದೊಂದು ರೂಢಿ. ಪ್ರತಿ ಬಗೆಯ ಯಂತ್ರದಲ್ಲೂ ಒಂದನ್ನು ಕಪಾಟಿನಲ್ಲಿಟ್ಟು, ಹೊಸ ಕೋಡನ್ನು ಮೊದಲು ಅದಕ್ಕೇ ಹಾಕುವುದು. "ನೈವೇದ್ಯ ಆಗದ ಯಾರರ ಉಣ್ತಾರೇನು?" ಎನ್ನುತ್ತಿದ್ದರು. ನಾವು ಆ ಕಪಾಟಿಗೆ ದೇವರಮನೆ ಎಂದೇ ಹೆಸರಿಟ್ಟಿದ್ದೆವು.

ಒಂದು ಬೆಳಿಗ್ಗೆ ಶಮೀಮ್ ಸಿಸ್ಟರ್ ಬಂದರು. ಯಂತ್ರ ಮಡಿಲಲ್ಲಿತ್ತು, ಅದರ ಪರದೆ ಸತ್ತಿತ್ತು.

"ರಾತ್ರಿ ಕರೆಂಟ್ ಹೋಗಿತ್ರಿ. ಫ್ರಿಜ್ ಥಂಡಾ ಇತ್ತೋ ಇಲ್ಲೋ ಇದಕ್ಕಷ್ಟ ಗೊತ್ತು. ಕೂಸು ಕಟ್ಕೊಂಡು ತಾಯಂದಿರು ಕುಂತಾರ. ಸೂಜಿ ಹಾಕ್ಲೋ, ಔಷಧ ಚೆಲ್ಲಲೋ?"

ಹೊಸ ಕೋಡು ಹಾಕಿದರೆ ಯಂತ್ರ ಎದ್ದೀತು ಎಂದುಕೊಂಡ ಸುನಂದಕ್ಕ ಮೊದಲು ಕಪಾಟಿನ ಕಡೆಗೇ ನಡೆದರು.

"ನಿಮ್ಮ ಕೋಡಿಗೂ ನೈವೇದ್ಯ ಬೇಕೇನಕ್ಕಾ?" ಎಂದು ಕೆಣಕಿದೆ.

"ನನಗೇನು ಬ್ಯಾರೆ ದೇವ್ರು ಅದಾನೇನೋ?"

ಕಪಾಟಿನ ಯಂತ್ರ ಎದ್ದಿತು. ಪರದೆಯ ಮೇಲೆ ಮೂಡಿದ್ದು: ನೆನಪು ಖಾಲಿ. ಅದು ಮೊದಲು ಖಾಲಿ ಇರಲಿಲ್ಲ. ಅದರಲ್ಲಿದ್ದ ಹಳೆಯ ಚಿಪ್‌ನ ಆಯ್ಕೆಯನ್ನು ಅಕ್ಕ ಕಿತ್ತಿದ್ದರು. ಗುರುತು ಸಿಗದೆ ಕೋಡು ಅದನ್ನು ಹೊಸ ಚಿಪ್ ಎಂದು ತಿಳಿದು ಎಲ್ಲವನ್ನೂ ಒರೆಸಿಹಾಕಿತ್ತು. ನಾನು ಸಿಸ್ಟರ್ ಮಡಿಲಿನತ್ತ ನೋಡಿದೆ. ಅಲ್ಲಿದ್ದದ್ದೂ ಅದೇ ಚಿಪ್. ಅಕ್ಕನ ಕೈ ಮೇಜಿನ ಅಂಚನ್ನು ಹಿಡಿದದ್ದು ಇನ್ನೂ ಕಣ್ಣಲ್ಲಿದೆ.

ಆಯ್ಕೆಯನ್ನು ಮರಳಿ ಸೇರಿಸಿ, ಮತ್ತೆ ಕಪಾಟಿಗೆ ತೋರಿಸಿ, ಆಮೇಲೆ ಸಿಸ್ಟರ್ ಯಂತ್ರಕ್ಕೆ ಹಾಕಿ ಅದರ ನೆನಪನ್ನು ಓದಿದೆವು. ಲಸಿಕೆಯ ಫ್ರಿಜ್ಜು ಎಂಟು ಡಿಗ್ರಿ ದಾಟಬಾರದು. ತಾಪಮಾನದ ಗೆರೆ ಬೆಳಗಿನ ಜಾವ ದಾಟಿತ್ತು. ತುಂಬ ಹೊತ್ತು ಮೇಲೆಯೇ ಇತ್ತು.

ಸಿಸ್ಟರ್ ಎದ್ದರು. "ಚೆಲ್ಲಬೇಕ್ರಿ. ನಾಳೆ ಬರ್ರಿ ಅಂದ್ರ ಬೈತಾರ, ಬೈಲಿ. ಗೊತ್ತಾತಲ್ಲ, ಅದ ಚಲೋ ಆತು."

ಅಂದು ಮರಳಿ ಸೇರಿಸಿದ ಆಯ್ಕೆ ಇಂದಿನವರೆಗೂ ಇತ್ತು. ಸುನಂದಕ್ಕ ನಿವೃತ್ತರಾದರು, ಕಪಾಟಿನ ಬೀಗದ ಕೈ ನನಗೆ ಬಂತು. ಕಪಾಟಿನದನ್ನು ಬಿಟ್ಟರೆ, ಆ ಚಿಪ್ ಇದ್ದ ಕೊನೆಯ ಯಂತ್ರವೇ ಈ ಡಬ್ಬಿಯದು. ಕುತೂಹಲಕ್ಕೆ ಓದಿದೆ: ಗೆರೆ ತಣ್ಣಗೆ ಸಾಗಿ, ತುದಿಯಲ್ಲಿ ಪರ್ವರಿಯ ಮಧ್ಯಾಹ್ನದಷ್ಟು ಏರಿ ನಿಂತಿತ್ತು. ಫ್ರಿಜ್ಜಿನಿಂದ ಇದನ್ನು ಹೊರತೆಗೆದ ಗಳಿಗೆ.

ಆಯ್ಕೆಯನ್ನು ಅಳಿಸಿದೆ. ಆದರೆ ಅದಿದ್ದ ಜಾಗದಲ್ಲಿ ಒಂದು ಸಾಲು ಬರೆದು, ಕಪಾಟಿನ ಯಂತ್ರಕ್ಕೆ ಹಾಕಿದೆ. ಅದು ತುಸು ತಡೆದು ಎದ್ದಿತು. ಈ ಸಲ ಖಾಲಿ ಎನ್ನಲಿಲ್ಲ, ಏನನ್ನೂ ಒರೆಸಲಿಲ್ಲ. ಪರದೆಯ ಮೇಲೆ ಇಷ್ಟೇ ಇತ್ತು: ಈ ಚಿಪ್ ನನಗೆ ಗೊತ್ತಿಲ್ಲ.