ಬೈರಮ್ಮನ ತೋಟದ ಬೇರುಗಂಟು

ಕೂಟಗಲ್ ಹೋಬಳಿಯ ಆ ಊರಿನಲ್ಲಿ ಬೈರಮ್ಮನಿಗೆ ತನ್ನವರು ಅಂತ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಾಗಿರಲಿಲ್ಲ. ಇದ್ದದ್ದು ಒಂದು ಎಕರೆ ಹಿಪ್ಪುನೇರಳೆ ತೋಟ, ರೇಷ್ಮೆ ಹುಳ ಸಾಕುವ ಹೆಂಚಿನ ಮನೆ, ಮತ್ತೆ ಪಕ್ಕದ ತೋಟದ ಶಿವಲಿಂಗಮ್ಮ. ಮೂರರಲ್ಲಿ ಯಾವುದು ಹೆಚ್ಚು ಎಂದು ಯಾರಾದರೂ ಕೇಳಿದ್ದರೆ ಬೈರಮ್ಮ ತೋಟ ಅನ್ನುತ್ತಿದ್ದಳು. ಅದು ಬಾಯಿಮಾತು. ಶಿವಲಿಂಗಮ್ಮ ಎರಡು ದಿನ ಕಾಣದಿದ್ದರೆ ಬದುವಿನ ಮೇಲೆ ನಿಂತು ಕತ್ತು ಚಾಚಿ ನೋಡುತ್ತಿದ್ದವಳು ಅವಳೇ.

ಹುಳ ಸಾಕುವುದು ಒಂಟಿ ಕೈಯ ಕೆಲಸವಲ್ಲ. ಸೊಪ್ಪು ಕೊಯ್ಯಬಹುದು, ತಟ್ಟೆ ಬದಲಾಯಿಸಬಹುದು, ಹೇಗೋ ಸಂಭಾಳಿಸಬಹುದು. ಆದರೆ ಹುಳ ಹಣ್ಣಾಗುವ ದಿನ ಬೇರೆಯೇ ಲೆಕ್ಕ. ಅಲ್ಲಿಯವರೆಗೆ ಎಡೆಬಿಡದೆ ಸೊಪ್ಪು ತಿಂದ ಹುಳಗಳು ಒಂದು ಬೆಳಗ್ಗೆ ತಿನ್ನುವುದು ಬಿಟ್ಟು ತಲೆ ಎತ್ತಿಬಿಡುತ್ತವೆ. ಆ ದಿನವೇ ಒಂದೊಂದನ್ನೂ ಆಯ್ದು ಚಂದ್ರಿಕೆಯ ಮೇಲೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಯ ಮೇಲೆ ಬಿಡಬೇಕು. ತಡವಾದರೆ ಗೋಡೆಗೆ, ಮೂಲೆಗೆ, ಸಿಕ್ಕಿದ ಕಡೆ ನೂಲು ಸುತ್ತಿ ಹಾಳಾಗುತ್ತವೆ. ಅದಕ್ಕೇ ಮುಯ್ಯಾಳು. ಇವಳ ಹುಳ ಹಣ್ಣಾದಾಗ ಶಿವಲಿಂಗಮ್ಮ ಬರುತ್ತಿದ್ದಳು, ಅವಳ ಹುಳ ಹಣ್ಣಾದಾಗ ಇವಳು ಹೋಗುತ್ತಿದ್ದಳು. ಊರಿನಲ್ಲಿ ಮಾತು ಕಮ್ಮಿ ಎಂದು ಹೆಸರಾದ ಬೈರಮ್ಮನ ಬಾಯಿ ಆ ದಿನಗಳಲ್ಲಿ ಬಿಡುವಿಲ್ಲದೆ ಓಡುತ್ತಿತ್ತು. ಕೈ ಹುಳ ಆಯುತ್ತಿದ್ದರೆ, ಬಾಯಿ ಇಡೀ ಹೋಬಳಿಯ ಸೊಸೆಯಂದಿರ ವಿಚಾರಣೆ ನಡೆಸುತ್ತಿತ್ತು.

ಬಿಡದಿ ಕಡೆ ಫ್ಯಾಕ್ಟರಿಗಳು ಒಂದರ ಹಿಂದೊಂದು ಎದ್ದು ನಿಂತ ಆ ವರ್ಷಗಳಲ್ಲೇ ಬೈರಮ್ಮನ ತೋಟ ಮಂಕಾಯಿತು. ನೀರು ಕೊಟ್ಟರೂ ಗಿಡ ಬಾಡಿದಂತೆ, ಗೊಬ್ಬರ ಹಾಕಿದರೂ ಎಲೆ ಹಳದಿ. ಒಂದು ಗಿಡ ಕಿತ್ತು ನೋಡಿದರೆ ಬೇರಿನ ತುಂಬಾ ಗಂಟು. ರಾಗಿ ಕಾಳಿನಷ್ಟು ಕೆಲವು, ಅವರೆಕಾಳಿನಷ್ಟು ಕೆಲವು. ಬೈರಮ್ಮನಿಗೆ ಗೊತ್ತಿದ್ದದ್ದು ಹುಳದ ಮನೆಯ ಮದ್ದು ಒಂದೇ. ಹುಳಕ್ಕೆ ರೋಗ ಬಂದರೆ ನೆಲಕ್ಕೆಲ್ಲ ಬ್ಲೀಚಿಂಗ್ ಪುಡಿ, ಸುಣ್ಣ ಎರಚಿ ತೊಳೆಯುತ್ತಾರಲ್ಲ, ಹಾಗೆಯೇ ತೋಟದ ಸಾಲುಗಳಿಗೂ ಕೈತುಂಬಾ ಎರಚಿ ನೀರು ಬಿಟ್ಟಳು. ಮನೆಗೆ ಆಗುವುದು ಮಣ್ಣಿಗೂ ಆಗಬೇಕಲ್ಲ! ವಾರ ಕಳೆಯುವುದರೊಳಗೆ ಎರಡು ಸಾಲು ಸುಟ್ಟುಕೊಂಡು ನಿಂತವು. ಗಂಟು ಮಾತ್ರ ಇದ್ದಲ್ಲೇ ಇತ್ತು.

ಆಗ ಬಂದವರು ರೇಷ್ಮೆ ಇಲಾಖೆಯ ನಟರಾಜು. ಬೇರನ್ನು ನೋಡಿದವರೇ ತಲೆ ಅಲ್ಲಾಡಿಸಿದರು. ಸುದ್ದಿ ತಿಳಿದು ಅಕ್ಕಪಕ್ಕದ ತೋಟದವರೂ ಸೇರಿದ್ದರು. ಶಿವಲಿಂಗಮ್ಮನೂ ಇದ್ದಳು.

"ಬೈರಮ್ಮನೋರೇ, ಇದು ಬೇರುಗಂಟು ರೋಗ. ಕಣ್ಣಿಗೆ ಕಾಣದಂಥ ಜಂತುಹುಳ ಬೇರಿನೊಳಗೆ ಸೇರ್ಕೊಂಡು ಗಂಟು ಕಟ್ಟುತ್ತೆ. ಗುಳಿಗೆ ಮದ್ದು ಹಾಕ್ಬಹುದು, ಆದ್ರೆ ಒಂದೂವರೆ ತಿಂಗಳು ಆ ಸೊಪ್ಪನ್ನ ಹುಳಕ್ಕೆ ಕೊಡೋ ಹಂಗಿಲ್ಲ, ಸತ್ತೋಗ್ತವೆ."

"ಮತ್ತೆ ಏನ್ ಮಾಡ್ಲಿ ಸಾ?"

"ಬುಡಕ್ಕೆ ಬೇವಿನ ಹಿಂಡಿ ಕೊಡಿ. ಸಾಲಿನ ಮಧ್ಯೆ ಚೆಂಡು ಹೂವು ಹಾಕಿ. ಅದರ ಬೇರು ಮಣ್ಣಿಗೆ ಒಂಥರಾ ರಸ ಬಿಡುತ್ತೆ, ಜಂತುಹುಳಕ್ಕೆ ಅದು ವಿಷ. ಹೂವು ಮುಗಿದ ಮೇಲೆ ಗಿಡ ಕೀಳ್ಬೇಡಿ, ಅಲ್ಲೇ ಕೊಚ್ಚಿ ಮಣ್ಣಿಗೆ ಸೇರಿಸಿ. ಒಂದೇ ಸಲಕ್ಕೆ ಹೋಗಲ್ಲ, ತಾಳ್ಮೆ ಬೇಕು." ಇಷ್ಟು ಹೇಳಿ ಸುಮ್ಮನಿದ್ದರೆ ಆಗುತ್ತಿತ್ತು. ಹೊರಡುವ ಮುಂಚೆ ಎಲ್ಲರ ಕಡೆ ತಿರುಗಿ ಇನ್ನೊಂದು ಮಾತು ಸೇರಿಸಿದರು: "ಹುಷಾರು. ಗುದ್ದಲಿಗೆ ಮೆತ್ಕೊಂಡ ಮಣ್ಣಲ್ಲಿ, ಕಾಲಿಗೆ ಅಂಟಿದ ಕೆಸರಲ್ಲಿ ಇದು ತೋಟದಿಂದ ತೋಟಕ್ಕೆ ಹೋಗುತ್ತೆ."

ಹೇಳಿದ್ದು ಸರಿಯಾದ ಮಾತೇ. ಆದರೆ ಸರಿಯಾದ ಮಾತೂ ಮನೆ ಮುರಿಯುತ್ತದೆ.

ಮುಂದಿನ ಸಲ ಶಿವಲಿಂಗಮ್ಮನ ಹುಳ ಹಣ್ಣಾದಾಗ ಬೈರಮ್ಮ ಎಂದಿನಂತೆ ಬದು ದಾಟಿ ಹೊರಟಳು. ಬದುವಿನ ಆ ಕಡೆ ಒಂದು ಬೋಗುಣಿಯಲ್ಲಿ ಸುಣ್ಣದ ನೀರು ಇಟ್ಟುಕೊಂಡು ಶಿವಲಿಂಗಮ್ಮ ನಿಂತಿದ್ದಳು. ಮುಖ ಎತ್ತಿ ನೋಡಲಿಲ್ಲ.

"ಅಕ್ಕ, ಕಾಲು ಒಸಿ ಇದ್ರಲ್ಲಿ ತೊಳ್ಕೊಂಡ್ ಬಾ. ತಪ್ ತಿಳ್ಕಬ್ಯಾಡ."

ಹುಳದ ಮನೆಯ ಹೊಸಿಲಲ್ಲಿ ಕಾಲು ತೊಳೆಯುವುದು ಹೊಸದೇನಲ್ಲ, ದಿನಾ ತೊಳೆಯುವುದೇ. ಆದರೆ ಹೊಸಿಲು ಬೇರೆ, ಬದು ಬೇರೆ. ಬೈರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ನನ್ ಕಾಲೇ ನಿಂಗೆ ರೋಗ ಆಗೋಯ್ತೇನೆ, ಲಿಂಗಿ?" ಎಂದವಳು ಉತ್ತರಕ್ಕೂ ಕಾಯದೆ ತಿರುಗಿ ಬಂದಳು. ಮಾತು ನಿಂತಿತು. ಮುಯ್ಯಾಳೂ ನಿಂತಿತು.

ಆಮೇಲೆ ಬೈರಮ್ಮ ಹಟಕ್ಕೆ ಬಿದ್ದವಳಂತೆ ದುಡಿದಳು. ಬೇವಿನ ಹಿಂಡಿಯ ಮೂಟೆಗಳನ್ನು ಒಬ್ಬಳೇ ಬಿಚ್ಚಿ, ಪುಡಿ ಮಾಡಿ, ಸಾಲು ಸಾಲಾಗಿ ಬಗೆದು ತುಂಬಿದಳು. ಕೈಯ ಕಹಿ ಅನ್ನಕ್ಕೂ ಹತ್ತುತ್ತಿತ್ತು. ಚೆಂಡು ಹೂವಿನ ಸಸಿ ನೆಟ್ಟಳು. ತೋಟ ಹಳದಿಯಾಗಿ ಅರಳಿ ನಿಂತಾಗ ದಾರಿಯಲ್ಲಿ ಹೋಗುವ ಹೆಂಗಸರು, "ಬೈರಕ್ಕ, ಯಾರ್ ಮದ್ವೆಗೆ ಇಷ್ಟೊಂದು ಹೂವು?" ಎಂದು ಕಿಚಾಯಿಸುತ್ತಿದ್ದರು. ನಗುತ್ತಿದ್ದರೇ ಹೊರತು ಒಳಗೆ ಕಾಲಿಡುತ್ತಿರಲಿಲ್ಲ. ಆಯುಧಪೂಜೆ ಹತ್ತಿರ ಬಂದಾಗ ಫ್ಯಾಕ್ಟರಿಗೆ ಹೂವು ಬೇಕೆಂದು ಟೆಂಪೋದವನು ಬಂದು, ಗಿಡ ಸಮೇತ ಕಿತ್ತುಕೊಂಡು ಹೋಗುತ್ತೇನೆ ಎಂದ. ಹೂವು ಬಿಡಿಸಿಕೋ, ಬೇರು ಮುಟ್ಟಿದರೆ ಗ್ರಹಚಾರ ಬಿಡಿಸುತ್ತೇನೆ ಎಂದು ಬೈರಮ್ಮ ಕುಡುಗೋಲು ಹಿಡಿದು ಪಕ್ಕದಲ್ಲೇ ನಿಂತಳು. ಬಲಿತ ಹೂವುಗಳನ್ನು ಒಣಗಿಸಿ ಬೀಜಕ್ಕೆಂದು ಚೀಲದ ತುಂಬಾ ಕಟ್ಟಿಟ್ಟಳು.

ಇಷ್ಟೆಲ್ಲ ಸೊಪ್ಪಿಗಾಗಿ ಎಂದು ಊರು ತಿಳಿದಿತ್ತು. ಬೈರಮ್ಮನೂ ಹಾಗೇ ಹೇಳಿಕೊಳ್ಳುತ್ತಿದ್ದಳು. ನಿಜ ಅದಲ್ಲ. ಒಂದು ದಿನ ಗಂಟಿಲ್ಲದ ಬೇರನ್ನು ಕಿತ್ತು ಶಿವಲಿಂಗಮ್ಮನ ಮುಖದ ಮುಂದೆ ಹಿಡಿಯಬೇಕು, ಅವಳು ಮತ್ತೆ ಬದು ದಾಟಿ ಬರಬೇಕು. ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಅಲ್ಲಿಯವರೆಗೆ ಹುಳ ಹಣ್ಣಾದ ದಿನಗಳನ್ನು ಒಬ್ಬಳೇ ಕಳೆದಳು. ಕೂಲಿಗೆ ಕರೆಯೋಣವೆಂದರೆ ಊರಿನ ಹೆಣ್ಣುಮಕ್ಕಳೆಲ್ಲ ಬೆಳಗ್ಗೆಯೇ ಗಾರ್ಮೆಂಟ್ಸ್ ವ್ಯಾನು ಹತ್ತಿಬಿಡುತ್ತಿದ್ದರು. ಕೈಲಾದಷ್ಟಕ್ಕೆಂದು ಅರ್ಧದಷ್ಟೇ ಹುಳ ಸಾಕಿದಳು. ಕೆಲವು ದಿನ ಯಾರೊಂದಿಗೂ ಒಂದು ಮಾತೂ ಆಡದೆ ಮಲಗುತ್ತಿದ್ದಳು.

ಎರಡು ಮಳೆಗಾಲ ದಾಟಿದ ಮೇಲೆ ಒಂದು ಬೆಳಗ್ಗೆ ಗಿಡದ ಬುಡ ಬಗೆದು ನೋಡಿದಳು. ಹಳೆಯ ಬೇರಿನಲ್ಲಿ ಅಲ್ಲೊಂದು ಇಲ್ಲೊಂದು ಒಣಗಂಟು. ಹೊಸ ಬೇರುಗಳು ಮಾತ್ರ ನೀಟಾಗಿ, ಸಣ್ಣಗೆ, ಒಂದು ಗಂಟೂ ಇಲ್ಲದೆ ಇಳಿದಿದ್ದವು. ಬೈರಮ್ಮನಿಗೆ ಅಳು ಬಂತು. ಗಿಡವನ್ನು ಬೇರು ಸಮೇತ ಕಿತ್ತು, ತೊಳೆದು, ಕೈಯಲ್ಲಿ ಹಿಡಿದು ಬದು ಹತ್ತಿದಳು. ಮಾತು ನಿಂತಂದಿನಿಂದ ಆ ಕಡೆ ಕಣ್ಣು ಹಾಯಿಸಿಯೂ ಇರಲಿಲ್ಲ.

ಆ ಕಡೆ ತೋಟ ಇರಲಿಲ್ಲ. ಜೆಸಿಬಿ ನಿಂತಿತ್ತು. ಕಿತ್ತ ಹಿಪ್ಪುನೇರಳೆ ಬುಡಗಳನ್ನು ಗುಡ್ಡೆ ಹಾಕಿದ್ದರು. ಪಕ್ಕದಲ್ಲಿ ಶಿವಲಿಂಗಮ್ಮ ಸೆರಗು ತಲೆಗೆ ಹೊದ್ದು ನಿಂತಿದ್ದಳು. ಬೈರಮ್ಮನ ಕಣ್ಣು ಗುಡ್ಡೆಯ ಮೇಲೆ ಹೋಯಿತು. ಬೇರಿನ ತುಂಬಾ ಗಂಟು.

"ನಿನ್ ತೋಟಕ್ಕೂ ಬಂದಿತ್ತೇನೆ?"

"ಹೋದ್ ವರ್ಸನೇ ಬಂತು ಕಣಕ್ಕ. ನಂಗೂ ಸಾಕಾಗೋಯ್ತು. ಗೋಡೌನ್ ಕಟ್ಟೋರ್ಗೆ ಕೊಟ್ಬುಟ್ವಿ. ನಾನೀಗ ಗಾರ್ಮೆಂಟ್ಸ್ ಕ್ಯಾಂಟೀನಿಗೆ ಹೋಯ್ತಿವ್ನಿ."

"ಒಂದ್ ಮಾತು ಹೇಳ್ಬಾರ್ದಾಗಿತ್ತಾ? ನಮ್ಮನೇಲಿ ಚೀಲ್ದ ತುಂಬ ಬೀಜ ಐತೆ ಕಣೇ!"

"ಕಾಲು ತೊಳ್ಕೊ ಅಂದೋಳು ನಾನೇ. ಯಾವ ಮೊಕ ಇಟ್ಕೊಂಡ್ ಬಂದು ಕೇಳ್ಲಿ?" ಶಿವಲಿಂಗಮ್ಮ ಕಣ್ಣೊರೆಸಿಕೊಂಡಳು.

ಬೈರಮ್ಮ ತನ್ನ ಕೈಯಲ್ಲಿದ್ದ ಬೇರನ್ನು ತೋರಿಸಲಿಲ್ಲ. ಹಟ ತನ್ನದೂ ಇತ್ತಲ್ಲ. ಶಿವಲಿಂಗಮ್ಮನೇ, "ಹುಳ ಹಣ್ಣಾದಾಗ ಹೇಳಿ ಕಳ್ಸು ಅಕ್ಕ. ಭಾನ್ವಾರ ಆದ್ರೆ ಬತ್ತೀನಿ" ಎಂದಳು.

ಹುಳಕ್ಕೆ ಭಾನುವಾರ ಸೋಮವಾರ ಗೊತ್ತಿಲ್ಲ. ಆದರೂ ಬೈರಮ್ಮ ಬೆರಳು ಮಡಚಿ ಎಣಿಸಿ, ಭಾನುವಾರಕ್ಕೇ ಹಣ್ಣಾಗುವಂತೆ ಮರಿಹುಳ ತಂದಳು. ಈ ಸಲ ಹಿಂದಿನಷ್ಟೇ ತಂದಳು, ಇಬ್ಬರ ಕೈಗೆ ಆಗುವಷ್ಟು. ಸೊಪ್ಪು ಸೊಂಪಾಗಿತ್ತು, ಹುಳ ದುಂಡಗೆ ಬೆಳೆದವು. ಕೊನೆಯ ವಾರದಲ್ಲಿ ಮೋಡ ಕವಿದು ಶೀತಗಾಳಿ ಬೀಸಿತು. ಶೀತಕ್ಕೆ ಹುಳ ಹಣ್ಣಾಗುವುದು ಎಲ್ಲಿ ತಡವಾಗುತ್ತದೋ ಎಂದು ಬಾಣಲೆಯಲ್ಲಿ ಕೆಂಡ ತುಂಬಿ ಹುಳದ ಮನೆಗೆ ಕಾವು ಕೊಟ್ಟಳು.

ಭಾನುವಾರ ಶಿವಲಿಂಗಮ್ಮ ಮಾತಿಗೆ ತಪ್ಪದೆ ಬಂದಳು. ಹುಳಗಳು ತಲೆ ತಗ್ಗಿಸಿ ಸೊಪ್ಪು ತಿನ್ನುತ್ತಲೇ ಇದ್ದವು. ಕಾಫಿ ಕುಡಿದು ಇಬ್ಬರೂ ಕಾದರು. ಎರಡು ವರ್ಷ ಕೂಡಿಟ್ಟ ಮಾತು ಎಲ್ಲಿಂದ ಶುರು ಮಾಡುವುದೆಂದು ಬೈರಮ್ಮ ಯೋಚಿಸುವಷ್ಟರಲ್ಲಿ ಶಿವಲಿಂಗಮ್ಮ ಗೋಡೆಗೊರಗಿ ನಿದ್ದೆ ಹೋಗಿದ್ದಳು. ವಾರವಿಡೀ ಪಾತ್ರೆ ತಿಕ್ಕಿದ ಮೈ. ಎಬ್ಬಿಸಲು ಮನಸ್ಸು ಬರಲಿಲ್ಲ. ಸಂಜೆ ಎದ್ದವಳು, "ನಾಳೆ ರಜ ಕೊಡಕಿಲ್ಲ ಕಣಕ್ಕ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದಳು.

ಸೋಮವಾರ ಬೆಳಗ್ಗೆ ವ್ಯಾನಿನ ಹಾರನ್ ಕೇಳುವ ಹೊತ್ತಿಗೆ ತಟ್ಟೆ ತಟ್ಟೆಯಲ್ಲೂ ಹುಳಗಳು ತಲೆ ಎತ್ತಿದ್ದವು. ಬೈರಮ್ಮ ಸೆರಗು ಕಟ್ಟಿ ಕೂತಳು. ಆಯ್ದಷ್ಟೂ ಮುಗಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗೋಡೆ ಹತ್ತಿದವುಗಳ ಕಡೆ ನೋಡುವುದನ್ನೇ ಬಿಟ್ಟಳು. ತಲೆ ಎತ್ತದೆ ಆಯುತ್ತಾ ಆಯುತ್ತಾ, "ಲಿಂಗಿ, ಆ ತಟ್ಟೆ ಒಸಿ ಈಕಡೀಕ್ ತಳ್ಳೇ" ಅಂದಳು. ಅಂದ ಮೇಲೆ ಕೈ ನಿಂತಿತು. ಎದ್ದು ಹೋಗಿ ತಟ್ಟೆಯನ್ನು ತಾನೇ ಎಳೆದುಕೊಂಡಳು.