ಆಜಿಯ ಅಂಗಳಕ್ಕೆ ಬಂದ ಟರ್ಕಿಯ ಕವಿ

ಪುಣೆಯ ಸದಾಶಿವ ಪೇಠದಲ್ಲಿ, ನಡುವೆ ಅಂಗಳವಿದ್ದ ಒಂದು ಹಳೇ ವಾಡೆಯಲ್ಲಿ ನಮಗೆ ಎರಡು ಬಾಡಿಗೆ ಕೋಣೆಗಳಿದ್ದವು. ತೊಂಬತ್ತರ ದಶಕದ ಕೊನೆಯಿರಬೇಕು, ಫುಟ್‌ಪಾತಿನ ಹಳೇ ಪುಸ್ತಕಗಳ ರಾಶಿಯಲ್ಲಿ ಟರ್ಕಿಯ ಒಬ್ಬ ಕವಿಯ ಇಂಗ್ಲಿಷ್ ಅನುವಾದ ನನ್ನ ಕೈಗೆ ಬಂತು. ಕಾದಂಬರಿಯನ್ನೂ ಬರೆದವನು, ಕಡು ರಾಷ್ಟ್ರವಾದಿ. ಊಟವಾದ ಮೇಲೆ ನಾನು ಅವನ ಕುದುರೆ ಸವಾರರ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ದಿನವಿಡೀ ಆಫೀಸಿನಲ್ಲಿ ಫೈಲು ತಿರುವಿ ಬಂದು ಗೋಡೆಗೊರಗಿರುತ್ತಿದ್ದ ಅಪ್ಪ ನೆಟ್ಟಗೆ ಕೂಡುತ್ತಿದ್ದರು. ತಾಯ್ನುಡಿಯ ಮೇಲಿನ ಕವಿತೆ ಬಂದ ದಿನವಂತೂ ಕಣ್ಣೊರೆಸಿಕೊಂಡರು.

"ಅಭಿಮಾನ ಅಂದ್ರ ಹಿಂಗಿರಬೇಕು ನೋಡವಾ. ಈ ಸಲ ರಾಜ್ಯೋತ್ಸವದಾಗ ಇವನ ಬಗ್ಗೆನ ಮಾತಾಡ್ತೀನಿ."

ನಾನು ಬೇಡವೆಂದೆ. ಪುಸ್ತಕದ ಕೊನೆಯಲ್ಲಿದ್ದ ಅವನ ಲೇಖನವನ್ನು ಅಷ್ಟರಲ್ಲಿ ಓದಿಬಿಟ್ಟಿದ್ದೆ. ನಮ್ಮ ನೆಲದ ಮೇಲೆ ಎಷ್ಟು ಕಾಲ ಬಾಳಿದರೂ ಬೇರೆ ರಕ್ತದವರು, ಬೇರೆ ಮಾತಿನವರು ನಮ್ಮವರಾಗುವುದಿಲ್ಲ ಎಂಬುದು ಅದರ ಸಾರ. ನಮ್ಮ ರಾಜ್ಯೋತ್ಸವ ನಡೆಯುವುದೋ ವಾಡೆಯ ಒಡತಿ ಮರಾಠಿ ಆಜಿಯ ಅಂಗಳದಲ್ಲಿ! ಪ್ರತಿ ವರ್ಷ ಭುವನೇಶ್ವರಿಯ ಪಟದ ಮುಂದೆ ಕಾಯಿ ಒಡೆಯುವವರೂ ಅವರೇ. ಅದೇ ಅಂಗಳದಲ್ಲಿ ನಿಂತು ಇವನನ್ನು ಹೊಗಳಿದರೆ, ನಾಳೆ ಆಜಿಗೆ ಯಾವ ಮುಖ ತೋರಿಸುವುದು?

ಲೇಖನ ಓದಿ ಹೇಳಿದೆ. ಅಪ್ಪ ಜಗ್ಗಲಿಲ್ಲ. "ಕಬ್ಬ ತಿಂದು ಸಿಪ್ಪಿ ಉಗುಳಬೇಕು" ಅಂದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಆ ಹಾಳು ಕವಿತೆ ನನಗೂ ಬಾಯಿಪಾಠವಾಗಿತ್ತಲ್ಲ! ಯಾವುದು ಕಬ್ಬು, ಯಾವುದು ಸಿಪ್ಪೆ ಎಂದು ನನಗೇ ತಿಳಿಯುತ್ತಿರಲಿಲ್ಲ.

ರಾಜ್ಯೋತ್ಸವದ ದಿನ ಅಪ್ಪ ಸೊಗಸಾಗಿ ಮಾತಾಡಿದರು. ಲೇಖನದ ಸುದ್ದಿ ಎತ್ತಲಿಲ್ಲ. ಕವಿತೆ ಓದಿದಾಗ ಚಪ್ಪಾಳೆಯೋ ಚಪ್ಪಾಳೆ. ನಾನೂ ತಟ್ಟಿದೆ, ತಟ್ಟಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಮುಂದಿನ ಕುರ್ಚಿಯಲ್ಲಿದ್ದ ಆಜಿ ನನ್ನ ಓಢಣಿ ಜಗ್ಗಿ, ಏನು ಓದಿದ ಎಂದು ಕೇಳಿದರು. ಮರಾಠಿಯಲ್ಲಿ ಅರ್ಥ ಹೇಳಿದೆ. "ಕಿತೀ ಛಾನ್," ಎಷ್ಟು ಚೆಂದ, ಎಂದ ಅವರ ಕಣ್ಣೂ ತುಂಬಿತು. ಇನ್ನು ಯಾರನ್ನು ಬೈಯಲಿ?

ಅಪ್ಪ ಬಂದು ಆಜಿಯ ಕೈಗೆ ಪೇಢೆ ಕೊಟ್ಟರು. ಆಜಿ ಅವರ ತಲೆ ಸವರಿ ಮರಾಠಿಯಲ್ಲಿ ಕೇಳಿದರು: "ಇಷ್ಟು ದೊಡ್ಡ ಮನಸ್ಸಿನ ಕವಿ! ಅವನ ಅಂಗಳದಲ್ಲೂ ನಿಮ್ಮಂಥ ಬೇರೆ ಮಾತಿನವರು ಹೀಗೇ ಹಬ್ಬ ಮಾಡುತ್ತಿದ್ದರು, ಅಲ್ಲವೇನೋ?"

ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಪ್ಪ ನನ್ನ ಕಡೆ ನೋಡಿದರು. ಇಷ್ಟು ವರ್ಷ ಆಜಿಯೊಡನೆ ಮರಾಠಿ ಬಿಟ್ಟು ಬೇರೆ ಮಾತಾಡದವರ ಬಾಯಿಂದ ಕನ್ನಡ ಹೊರಟಿತು.

"ಇಲ್ರೀ ಆಜಿ. ಅವ ನಮ್ಮನ್ನ ಬಾಗಿಲಾಗೂ ನಿಲ್ಲಗೊಡ್ತಿದ್ದಿಲ್ಲ."

ಆಜಿಗೆ ತಿಳಿಯಲಿಲ್ಲ. ನಗುತ್ತಲೇ ನನ್ನ ಕಡೆ ತಿರುಗಿ, "ಏನಂದ? ಮರಾಠಿಯಲ್ಲಿ ಹೇಳು" ಎಂದರು.